ಕೈ ವಾಪಸ್ಸು

ಮನುಷ್ಯನ ನಾಗರಿಕತೆಯೆಲ್ಲ ಒಪ್ಪಂದಗಳ ಮೇಲೆ ನಿಂತಿದೆ ಎಂಬುದು ತಿಳಿದವರೆಲ್ಲ ಒಪ್ಪಿರುವ ಸಂಗತಿ. ನಮ್ಮ ಮನೆಯಲ್ಲಿ ಮಾತ್ರ ಸದ್ಯಕ್ಕೆ ಒಪ್ಪಂದದ ಮೇಲೆ ಸಂಡಿಗೆ ನಿಂತಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಳಲ್ಕೆರೆಯಲ್ಲಿ ನನ್ನ ನಾದಿನಿಯ ಮನೆಯ ಕೆಳಭಾಗದಲ್ಲಿ ನಾನೂ ನನ್ನ ಹೆಂಡತಿ ಗಿರಿಜಳೂ ವಾಸವಾಗಿದ್ದೇವೆ. ಬೇಸಿಗೆ ಬಂತೆಂದು ಅಕ್ಕತಂಗಿಯರು ತಾರಸಿಯ ಮೇಲೆ ಸಂಡಿಗೆ ಹಾಕಿದ್ದಾರೆ. ಸೀರೆ, ಪಂಚೆ, ಪ್ಲಾಸ್ಟಿಕ್ ಹಾಳೆ ಎಲ್ಲ ಮುಗಿದ ಮೇಲೆ ಮಿಕ್ಕ ಹಿಟ್ಟಿಗೆ ಜಾಗ ಸಾಲದೆ ಗಿರಿಜ ನನ್ನ ಟ್ರಂಕಿನಲ್ಲಿದ್ದ ಒಂದು ಟವೆಲ್ಲನ್ನು ತೆಗೆದು ಹಾಸಿದ್ದಾಳೆ. ಕೆಂಪು ಅಂಚಿನ, ಉದ್ದನೆಯ, ಒಂದು ಕಾಲಕ್ಕೆ ಬಿಳಿಯದಾಗಿದ್ದ ಟವೆಲ್ಲು. ಸಂಡಿಗೆಗಳು ಅದರ ಮೇಲೆ ಸಾಲಾಗಿ ಕೂತು ಬಿಸಿಲು ಕಾಯುತ್ತಿದ್ದವು.

“ಅದು ಒಪ್ಪಂದ ಕಣೆ, ಅದರ ಮೇಲೆ ಸಂಡಿಗೆ ಇಟ್ಟಿದ್ದೀಯಲ್ಲ” ಎಂದೆ.

“ಒಪ್ಪಂದ ಅಲ್ಲ, ಟವೆಲ್ಲು. ಸೋಡಾ ಹಾಕಿ ಕುದಿಸೀನಿ, ಇನ್ನೂ ಕುರಿ ವಾಸನೆ ಹೋಗಿಲ್ಲ” ಎಂದಳು.

ಅದು ಹೋಗುವಂಥದ್ದಲ್ಲ ಎಂದು ನನಗೆ ಗೊತ್ತಿತ್ತು. ಕಾಗೆ ಓಡಿಸುವ ನೆಪದಲ್ಲಿ ಅಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಕಾಗೆಗಳು ತಮ್ಮ ಕೆಲಸ ನೋಡಿಕೊಂಡವು, ನಾನು ನನ್ನದು.

ನಾನು ಟೆಲಿಫೋನ್ ಇಲಾಖೆಯಲ್ಲಿ ನೌಕರಿ ಮಾಡಿದವನು. ನನ್ನಂಥವರು ಎಕ್ಸ್‌ಚೇಂಜಿನಲ್ಲಿ ಕೂತು ಒಂದು ತಂತಿಯನ್ನು ಇನ್ನೊಂದಕ್ಕೆ ಚುಚ್ಚದಿದ್ದರೆ ಜಿಲ್ಲೆಯ ಒಬ್ಬ ಮನುಷ್ಯ ಇನ್ನೊಬ್ಬನಿಗೆ “ಹಲೋ” ಎನ್ನಲಾಗದಿದ್ದ ಕಾಲ ಅದು. ಇಲಾಖೆ ನನ್ನನ್ನು ಚಿತ್ರದುರ್ಗ, ಹೊಸದುರ್ಗ, ಹಿರಿಯೂರು ಎಂದು ಸುತ್ತಿಸಿತು. ಎಲ್ಲ ಊರಿನ ಗುಟ್ಟೂ ನನ್ನ ಕಿವಿಯ ಮೂಲಕವೇ ಹೋಗುತ್ತಿತ್ತಾದ್ದರಿಂದ ಜನ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಹೊಸದುರ್ಗದ ಒಬ್ಬ ತೆಂಗಿನಕಾಯಿ ವ್ಯಾಪಾರಿಯಂತೂ ದರ ಕೇಳುವುದಕ್ಕೆಂದೇ ಟ್ರಂಕ್ ಕಾಲ್ ಬುಕ್ ಮಾಡಿ, ಲೈನು ಸಿಕ್ಕಿದ ಮೇಲೆ “ಆಪರೇಟ್ರು ಕೇಳಿಸ್ಕಂತಾ ಕುಂತಿರ್ತಾರೆ, ದರ ಆಮೇಲೆ ಹೇಳ್ತೀನಿ” ಎಂದು ಆಕಡೆಯವರಿಗೆ ಹೇಳಿ ಇಟ್ಟುಬಿಡುತ್ತಿದ್ದರು. ಆಮೇಲೆ ಎಂದರೆ ಯಾವಾಗ, ಯಾವ ದಾರಿಯಲ್ಲಿ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಹೀಗೆ ಆಯುಷ್ಯವಿಡೀ ಬೇರೆಯವರ ಮಾತನ್ನು ದಾಟಿಸಿ, ಕೊನೆಗೆ ಹಿರಿಯೂರಿನಲ್ಲಿ ಒಂದು ಸಣ್ಣ ಮನೆ ಕಟ್ಟಿಕೊಂಡು, ನಿವೃತ್ತನಾದೆ.

ಮನೆ ಮಾರುವ ಮಾತು ತೆಗೆದವಳು ಗಿರಿಜ. ಅವಳಿಗೆ ತಂಗಿ ಬೇಕಿತ್ತು. ನನ್ನ ಜೊತೆ ಇಷ್ಟು ವರ್ಷ ಮಾತಾಡಿ ಅವಳಿಗೆ ಸಾಕಾಗಿತ್ತೆಂದು ಕಾಣುತ್ತದೆ. ಉಳಿದ ಮಾತನ್ನು ತಂಗಿಯ ಹತ್ತಿರ ಆಡಬೇಕೆಂದಳು. ನ್ಯಾಯವಾದ ಬೇಡಿಕೆ. ಬಾಗಿಲ ಮೇಲೆ “ಮನೆ ಮಾರಾಟಕ್ಕಿದೆ” ಎಂದು ಬೋರ್ಡು ತೂಗುಹಾಕಿದೆ. ಬೋರ್ಡು ಹಾಕಿದ ಮಾರನೆಯ ದಿನವೇ ಚಿತ್ರದುರ್ಗದಿಂದ ಒಬ್ಬ ಏಜೆಂಟರು ಬೂಟು ಹಾಕಿಕೊಂಡು ಬಂದು, ಬೂಟು ಬಿಚ್ಚಿ, ಒಂದು ಅಚ್ಚಾದ ಒಪ್ಪಂದವನ್ನು ನನ್ನ ಮುಂದಿಟ್ಟರು.

ನಾನು ಅದನ್ನು ಭಕ್ತಿಯಿಂದ ಓದಿದೆ. ಅದರಲ್ಲಿ ನಾನು ‘ಮಾಲೀಕರು’, ಅವರು ‘ಸಂಸ್ಥೆ’. ಮಾಲೀಕರು ಏನೇನು ಮಾಡಕೂಡದು ಎಂಬುದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹರಡಿಕೊಂಡಿತ್ತು. ಸಂಸ್ಥೆ ಏನು ಮಾಡುತ್ತದೆ ಎಂಬುದಕ್ಕೆ ಒಂದೇ ಕ್ರಿಯಾಪದ: ಪ್ರಯತ್ನಿಸತಕ್ಕದ್ದು. ಮಾಲೀಕರು ತಮ್ಮ ಮನೆಯನ್ನು ತಾವೇ ಮಾರಿಕೊಂಡರೂ ಸಂಸ್ಥೆಗೆ ಕಮಿಷನ್ ಸಲ್ಲತಕ್ಕದ್ದು. ಮಾಲೀಕರು ಮೃತಪಟ್ಟಲ್ಲಿ ಅವರ ವಾರಸುದಾರರು ಬದ್ಧರಾಗಿರತಕ್ಕದ್ದು. ಸತ್ತರೂ ತಪ್ಪಿಸಿಕೊಳ್ಳಲಾಗದ ಸಂಬಂಧವೊಂದು ಈ ವಯಸ್ಸಿನಲ್ಲಿ ನನಗೆ ದೊರಕುವುದರಲ್ಲಿತ್ತು.

“ಅವಧಿ ಮುಗಿಯೋತನಕ ಮನೆ ವಿಚಾರ ಬೇರೆ ಯಾರ ಹತ್ರನೂ ಮಾತಾಡಂಗಿಲ್ಲ ಸಾರ್” ಎಂದರು ಏಜೆಂಟರು.

“ನನ್ನ ಹೆಂಡತಿ ಹತ್ರ?”

ಅವರು ಸ್ವಲ್ಪ ಯೋಚಿಸಿ, “ಅದು ಪರವಾಗಿಲ್ಲ ಸಾರ್” ಎಂದರು.

ಗಿರಿಜಳಿಗೆ ಆ ಕಾಗದ ಹಿಡಿಸಿತು. ಬರೆದಿದ್ದು ಬರೆದಂಗೇ ಇರುತ್ತೆ, ಸಹಿ ಹಾಕಿ ಎಂದಳು. ನಾನು ಪೆನ್ನಿನ ಮುಚ್ಚಳ ತೆಗೆದೆ. ಅಷ್ಟರಲ್ಲಿ ನನಗೆ ಚಿತ್ತಯ್ಯನ ನೆನಪಾಯಿತು. ನಾಳೆ ಹೇಳುತ್ತೇನೆಂದು ಏಜೆಂಟರನ್ನು ಕಳಿಸಿದೆ.

ಚಿತ್ತಯ್ಯ ನನ್ನ ಬಾಲ್ಯದ ಗೆಳೆಯ. ಇಬ್ಬರೂ ಜವನಗೊಂಡನಹಳ್ಳಿಯವರು. ನಮ್ಮಪ್ಪನದು ರಾಗಿ ಹೊಲ, ಅವರಪ್ಪನದು ಕುರಿ. ಬರೀ ಕುರಿ ಸಾಕುವುದಲ್ಲ, ಸಂತೆಯಲ್ಲಿ ಕುರಿ ವ್ಯಾಪಾರ ಕುದುರಿಸುವ ದಲ್ಲಾಳಿ ಕೆಲಸವೂ ಅವರ ಮನೆತನಕ್ಕಿತ್ತು. ಆ ಕಸುಬಿನ ಉಪಕರಣ ಒಂದೇ: ಹೆಗಲ ಮೇಲಿನ ಟವೆಲ್ಲು. ಮಾರುವವನ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿದು, ಬೆರಳಿನಲ್ಲೇ ದರ ಕೇಳಬೇಕು, ಬೆರಳಿನಲ್ಲೇ ಹೇಳಬೇಕು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ನಡುಗೆಣ್ಣು ಒತ್ತಿದರೆ ಅರ್ಧ. ನೂರೋ ಸಾವಿರವೋ ಎಂಬುದನ್ನು ಕುರಿ ನೋಡಿದರೆ ಗೊತ್ತಾಗುತ್ತದೆ, ಅದಕ್ಕೆ ಬೆರಳು ಬೇಡ. ಸುತ್ತ ಜನ ಕಿಕ್ಕಿರಿದು ನಿಂತಿರುತ್ತಿದ್ದರು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಟವೆಲ್ಲು ಮಾತ್ರ ಒಳಗೆ ಇಲಿ ಹೊಕ್ಕಂತೆ ಅಲುಗಾಡುತ್ತಿತ್ತು.

ವ್ಯಾಪಾರ ಕುದುರಿದರೆ “ಆಯ್ತು” ಎಂಬ ಒಂದು ಮಾತು, ಆಮೇಲೆ ಎಲೆ ಅಡಿಕೆ. ಕುದುರದಿದ್ದರೆ ಅದಕ್ಕೂ ಒಂದು ಕ್ರಮವಿತ್ತು. ಚಿತ್ತಯ್ಯನ ಅಪ್ಪ ಎದುರಿನವನ ಬೆರಳುಗಳನ್ನು ಒಂದೊಂದಾಗಿ ಒಳಕ್ಕೆ ಮಡಚಿ, ಮುಷ್ಟಿ ಮಾಡಿ, ಆ ಮುಷ್ಟಿಯನ್ನು ಮೆಲ್ಲಗೆ ಅವನ ಎದೆಯ ಕಡೆ ತಳ್ಳುತ್ತಿದ್ದರು. ಇದಕ್ಕೆ ‘ಕೈ ವಾಪಸ್ಸು’ ಎಂದು ಹೆಸರು. ಕೈ ವಾಪಸ್ಸಾದರೆ ವ್ಯಾಪಾರ ಇಲ್ಲ, ವೈರವೂ ಇಲ್ಲ. ನಿನ್ನ ಕೈ ನೀನು ಇಟ್ಕೋ, ನನ್ನ ಕೈ ನಾನು ಇಟ್ಕಂತೀನಿ ಎಂದು ಅರ್ಥ. ಕೊಟ್ಟ ಕೈಯನ್ನು ಹಾಗೇ ಬಿಟ್ಟು ಎದ್ದುಹೋಗುವುದು ಮಾತ್ರ ಅವಮಾನ. ಅಂಥವನಿಗೆ ಮುಂದಿನ ಸಂತೆಯಲ್ಲಿ ಯಾರೂ ಕೈ ಕೊಡುತ್ತಿರಲಿಲ್ಲ.

ಈ ವಿದ್ಯೆಯನ್ನು ಚಿತ್ತಯ್ಯ ನನಗೂ ಕಲಿಸಿದ. ನಾವು ಟವೆಲ್ಲಿನ ಕೆಳಗೆ ಏನೇನು ಮಾರಿದ್ದೇವೆಂದು ಹೇಳಿದರೆ ನೀವು ನಂಬಲಾರಿರಿ. ಶಾಲೆಯ ಗಂಟೆಯನ್ನು ಮಾರಿದ್ದೇವೆ. ಹೆಡ್‌ಮಾಸ್ತರನ್ನು ಸೈಕಲ್ ಸಮೇತ ಮಾರಲು ನೋಡಿದ್ದೇವೆ. ಸೈಕಲ್ಲಿಗೆ ಗಿರಾಕಿ ಇತ್ತು, ಉಳಿದದ್ದು ಹೋಗಲಿಲ್ಲ. ನಮ್ಮ ವಿದ್ಯೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಲೆಕ್ಕದ ಪರೀಕ್ಷೆಯಲ್ಲಿ. ಚಿತ್ತಯ್ಯನಿಗೆ ಲೆಕ್ಕ ನೀರು ಕುಡಿದ ಹಾಗೆ. ನನಗೆ ಅದು ಯಾವತ್ತೂ ಗಂಟಲಲ್ಲಿ ಇಳಿದದ್ದಲ್ಲ. ಚಳಿಯ ನೆಪ ಹೇಳಿ ಅವನು ಟವೆಲ್ಲನ್ನು ನಮ್ಮಿಬ್ಬರ ತೊಡೆಯ ಮೇಲೆ ಹೊದಿಸುತ್ತಿದ್ದ. ಉತ್ತರ ಬೆರಳಿನಲ್ಲಿ ಬರುತ್ತಿತ್ತು.

ಒಂದು ಸಲ ಅವನು ಗೆಣ್ಣು ಒತ್ತಿದ್ದನ್ನು ಗಮನಿಸದೆ ನಾನು ಕಡಿಮೆ ಬರೆದುಬಿಟ್ಟೆ. ಚಿತ್ತಯ್ಯ ನನ್ನ ಸ್ಲೇಟು ನೋಡಿದ. ತನ್ನ ಸ್ಲೇಟು ನೋಡಿಕೊಂಡ. ಆಮೇಲೆ ತನ್ನ ಸರಿ ಉತ್ತರಕ್ಕೆ ಉಗುಳು ಹಚ್ಚಿ ಅಳಿಸಿ, ನನ್ನ ತಪ್ಪು ಉತ್ತರ ಬರೆದ. ಇಬ್ಬರಿಗೂ ಬೆತ್ತದ ಏಟು ಬಿತ್ತು. ಮನೆಗೆ ಹೋಗುವಾಗ “ಯಾಕೋ ಹಂಗೆ ಮಾಡಿದೆ?” ಎಂದು ಕೇಳಿದೆ.

“ನೀನೊಬ್ನೇ ತಪ್ಪು ಬರೆದಿದ್ರೆ ನನ್ನ ಕೈ ಸುಳ್ಳು ಹೇಳ್ತು ಅಂತ ಆಗ್ತಿತ್ತು ಕಣ್ಲೇ. ಈಗ ಇಬ್ರಿಗೂ ಲೆಕ್ಕ ಬರಲ್ಲ ಅಂತ ಆತು. ಕೈ ಉಳೀತು” ಎಂದ.

ದೊಡ್ಡವನಾದ ಮೇಲೆ ಚಿತ್ತಯ್ಯ ಹಿರಿಯೂರಿಗೆ ಬಂದು ಕುರಿಯಿಂದ ಸೈಟಿಗೆ, ಸೈಟಿನಿಂದ ಮನೆಗೆ ಬಡ್ತಿ ಪಡೆದ. ಟವೆಲ್ಲು ಮಾತ್ರ ಬಿಡಲಿಲ್ಲ. ಮನೆ ವ್ಯಾಪಾರದಲ್ಲಿ ಅವನು ತಾನೇ ಒಂದು ಕ್ರಮ ಕಂಡುಕೊಂಡಿದ್ದ: ತಾನು ನಡುವೆ ಕೂತು, ಮಾರುವವನ ಕೈಯನ್ನು ಒಂದು ಕೈಯಲ್ಲಿ, ಕೊಳ್ಳುವವನ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಎರಡರ ಮೇಲೂ ಟವೆಲ್ಲು ಹೊದಿಸುವುದು. ಈ ಕಡೆಯ ಬೆರಳು ಹೇಳಿದ್ದನ್ನು ಆ ಕಡೆಯ ಬೆರಳಿಗೆ ದಾಟಿಸುವುದು. ಮೊದಲ ಸಲ ನೋಡಿದಾಗ ನನಗೆ ಬಹಳ ಸಂತೋಷವಾಗಿತ್ತು. “ಇದು ನಮ್ಮ ಎಕ್ಸ್‌ಚೇಂಜು ಕಣೋ. ನೀನೂ ಆಪರೇಟ್ರೇ” ಎಂದಿದ್ದೆ.

“ನೀನು ಕದ್ದು ಕೇಳ್ತಿದ್ದೆ, ನಾನು ಕೇಳಲ್ಲ. ಅಷ್ಟೇ ವ್ಯತ್ಯಾಸ” ಎಂದಿದ್ದ.

ಮನೆಯ ಬೆಲೆಯನ್ನು ಅವನು ಎಂದೂ ಬಾಯಲ್ಲಿ ಹೇಳಿದವನಲ್ಲ. ಯಾಕೆಂದು ಕೇಳಿದರೆ, “ಬಾಯಲ್ಲಿ ಹೇಳಿದ್ರೆ ಮನೆ ಕೇಳಿಸ್ಕಂತೈತೆ. ಇಷ್ಟಕ್ಕೆ ನನ್ನ ಬಿಟ್ಟುಬಿಟ್ರಾ ಅಂತ ಬೇಜಾರು ಮಾಡ್ಕಂತೈತೆ” ಎನ್ನುತ್ತಿದ್ದ. ಅವನು ಯಾರ ಹತ್ತಿರವೂ ಕಾಗದದ ಒಪ್ಪಂದ ಮಾಡಿಕೊಂಡವನೂ ಅಲ್ಲ, ಸಾಕ್ಷಿ ಹಾಕಿದವನೂ ಅಲ್ಲ. “ಹಿರಿಯೂರಾಗೆ ಅರ್ಧ ಊರು ನನ್ನ ಕೈಯಾಗೆ ಕೈ ಬದಲಾಗೈತೆ. ಯಾವ ಪತ್ರದಾಗೂ ನನ್ನ ಹೆಸರಿಲ್ಲ, ಹುಡುಕ್ಕೊಳ್ರಿ” ಎಂಬುದು ಅವನ ಜಂಭ. ಅರ್ಧ ಊರು ಎಂಬುದು ಹೆಚ್ಚಾಯಿತು. ಆದರೆ ಜಂಭಕ್ಕೆ ಅಳತೆ ಹಿಡಿಯುವುದು ಸಭ್ಯತೆಯಲ್ಲ.

ಏಜೆಂಟರ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಟೀ ಅಂಗಡಿಗೆ ಹೋದೆ. ಅದೇ ಅವನ ಆಫೀಸು. ಮೊದಲೆಲ್ಲ ಅವನ ಬೆಂಚಿನಲ್ಲಿ ಕೂರಲು ಜಾಗವಿರುತ್ತಿರಲಿಲ್ಲ. ಅವತ್ತು ಒಬ್ಬನೇ ಕೂತಿದ್ದ. ಹಿಂದಿನ ವರ್ಷ ಅವನಿಗೆ ಲಕ್ವ ಹೊಡೆದು ಆಸ್ಪತ್ರೆ ಸೇರಿದ್ದು ನನಗೆ ಗೊತ್ತಿತ್ತು. ವಾಸಿಯಾಯಿತು ಎಂದು ಅವನೇ ಫೋನಿನಲ್ಲಿ ಹೇಳಿದ್ದ. ನೋಡಲು ಹಾಗೇ ಇದ್ದ. ಟವೆಲ್ಲು ಮಾತ್ರ ಹೆಗಲ ಮೇಲಿರದೆ ಬಲಗೈ ಮೇಲೆ ಇಳಿಬಿದ್ದಿತ್ತು. ಟೀ ಲೋಟ ಎಡಗೈಯಲ್ಲಿತ್ತು.

“ಬಾರಪ್ಪ ತಿಪ್ಪೇಶಪ್ಪ. ಬೋರ್ಡು ಹಾಕಿದ್ದೀಯಂತೆ. ನನಗೆ ಹೇಳೋಕೆ ಮುಂಚೆ ರೋಡಿಗೆ ಹೇಳಿದ್ದೀಯ” ಎಂದ.

ನಾನು ಕಾಗದ ತೆಗೆದು ತೋರಿಸಿದೆ. ಓದಿ ಹೇಳು ಎಂದ. ಓದಿದೆ. ಸತ್ತರೆ ವಾರಸುದಾರರು ಬದ್ಧರು ಎಂಬಲ್ಲಿ ಅವನಿಗೆ ಟೀ ನೆತ್ತಿಗೆ ಹತ್ತಿತು.

“ಎಲ್ಲಾ ಸರಿ. ಇದರಾಗೆ ನಿನ್ನ ಕೈ ಎಲ್ಲೈತೆ?”

“ಕೆಳಗೆ ಸಹಿ ಹಾಕಬೇಕಲ್ಲ.”

“ಸಹಿ ಕೈ ಅಲ್ಲಪ್ಪ. ಸಹಿ ಹಾಕಿದಾಗ ನಿನಗೆ ಕಷ್ಟ ಐತೋ ಸುಖ ಐತೋ ಅವನಿಗೆ ಹೆಂಗೆ ಗೊತ್ತಾಗ್ತೈತೆ? ಕೈ ಹಿಡಿದ್ರೆ ಗೊತ್ತಾಗ್ತೈತೆ. ಬೆವೆತಿದ್ರೆ ಒಂದು, ತಣ್ಣಗಿದ್ರೆ ಒಂದು.”

ಆಮೇಲೆ ರಸ್ತೆ ನೋಡುತ್ತಾ ಹೇಳಿದ: “ಚಿತ್ತಯ್ಯನ ಕೈ ಹೋತು ಅಂತ ಊರಾಗೆಲ್ಲ ಸುದ್ದಿ. ಯಾರೂ ಕರೀತಿಲ್ಲ ಕಣ್ಲೇ. ನಿನ್ನ ಮನೆ ಒಂದು ಕುದುರಿಸಿದ್ರೆ ಊರೋರ ಬಾಯಿ ಮುಚ್ತೈತೆ. ಇಲ್ಲಾಂದ್ರೆ ಇಲ್ಲಿ ಟೀ ಕುಡಿಯೋಕೂ ನನಗೆ ಮುಖ ಇಲ್ಲ.”

ಹೀಗೆ ಅವನು ಯಾವತ್ತೂ ಮಾತಾಡಿದವನಲ್ಲ. ನಾನು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಅವನು ಎಡಗೈಯಿಂದ ಟವೆಲ್ಲು ಎತ್ತಿ ಹೊದಿಸಿ, ಎಡಗೈಯನ್ನೇ ಕೊಟ್ಟ. “ಬಲಗೈ ಒಂಚೂರು ಉಳುಕೈತೆ” ಎಂದ. ನನ್ನ ಮನೆಗೆ ಕೊನೆಯ ಮಾತು ಎಷ್ಟು, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬುದನ್ನು ಬೆರಳಿನಲ್ಲಿ ಹೇಳಿದೆ. ಎಡಗೈ ಚುರುಕಾಗಿತ್ತು. ಕುರಿ ಸಂತೆಯ ಕಾಲಕ್ಕಿಂತ ಒರಟಾಗಿತ್ತು, ಅಷ್ಟೇ. “ಆಯ್ತು” ಎಂದ. “ಆಯ್ತು” ಎಂದೆ. ಇದು ನಮ್ಮ ಒಪ್ಪಂದ. ಪುಟಗಳ ಸಂಖ್ಯೆ, ಸೊನ್ನೆ. ಮನೆಗೆ ಬಂದು ಹೇಳಿದಾಗ ಗಿರಿಜ ನನ್ನ ಕೈಯನ್ನು ಮೂಸಿ ನೋಡಿ, “ಸೋಪು ಹಾಕಿ ತೊಳೀರಿ, ಒಪ್ಪಂದ ಏನೂ ಅಳಿಸಿಹೋಗಲ್ಲ” ಎಂದಳು.

ಚಿತ್ತಯ್ಯ ತಂದ ಗಿರಾಕಿ ನಾಗರಾಜ ಮೇಷ್ಟ್ರು. ಹೊಳಲ್ಕೆರೆ ಕಡೆಯವರು, ಹಿರಿಯೂರಿನ ಹೈಸ್ಕೂಲಿಗೆ ಪಿ.ಟಿ. ಮೇಷ್ಟ್ರಾಗಿ ಬಂದವರು. ಸಿಳ್ಳೆಯನ್ನು ಕೊರಳಲ್ಲಿ ಹಾಕಿಕೊಂಡೇ ಮನೆ ನೋಡಿದರು. ನಾವು ಹೊಳಲ್ಕೆರೆಗೆ ಹೋಗುವುದು, ಅವರು ಅಲ್ಲಿಂದ ಬರುವುದು, ಗಿರಿಜಳಿಗೆ ಇದು ಶುಭಸೂಚನೆಯಾಗಿ ಕಂಡಿತು.

ಕೂತು ಮಾತಾಡುವ ದಿನ ನಮ್ಮ ಜಗಲಿ ತುಂಬಿತು. ಸಕ್ಕರೆ ಕೇಳುವ ನೆಪದಲ್ಲಿ ಒಬ್ಬರು, ಪೇಪರ್ ಓದುವ ನೆಪದಲ್ಲಿ ಇನ್ನೊಬ್ಬರು. ಎಲ್ಲರ ಕಣ್ಣೂ ಟವೆಲ್ಲಿನ ಮೇಲೆ. ಮನೆ ಎಷ್ಟಕ್ಕೆ ಹೋಗುತ್ತದೆ ಎಂಬುದಕ್ಕಿಂತ ಚಿತ್ತಯ್ಯನ ಕೈ ಏನಾಗಿದೆ ಎಂಬುದೇ ಅವರಿಗೆ ಬೇಕಿತ್ತು. ಅವನಿಗೂ ಅದು ಗೊತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. “ಕುಂತ್ಕಳ್ರಿ ಮೇಷ್ಟ್ರೇ” ಎಂದು ಅವರನ್ನು ಎಡಗಡೆ ಕೂರಿಸಿದ. ನನ್ನನ್ನು ಬಲಗಡೆಗೆ ಕರೆದ. ಟವೆಲ್ಲು ಹೊದಿಸಿದ.

ನಾನು ಬಲಗೈ ಹಿಡಿದೆ.

ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರಿಗೆ ಒಂದು ಅನುಭವವಿರುತ್ತದೆ. ತಂತಿ ಚುಚ್ಚಿದ ಕೂಡಲೇ, ಆ ಕಡೆ ಯಾರೂ ಮಾತಾಡದಿದ್ದರೂ, ಲೈನಿಗೆ ಜೀವ ಇದೆಯೋ ಇಲ್ಲವೋ ಕಿವಿಗೆ ತಿಳಿಯುತ್ತದೆ. ಜೀವ ಇರುವ ಲೈನಿನಲ್ಲಿ ಒಂದು ಸಣ್ಣ ಉಸಿರಿನಂಥ ಸದ್ದು ಇರುತ್ತದೆ. ಚಿತ್ತಯ್ಯನ ಬಲಗೈಯಲ್ಲಿ ಅದು ಇರಲಿಲ್ಲ. ಭಾರವಾಗಿ, ತಣ್ಣಗೆ, ನಿದ್ದೆ ಹೋದ ಮಗುವಿನ ಕೈಯಂತೆ ನನ್ನ ಅಂಗೈಯಲ್ಲಿ ಬಿದ್ದುಕೊಂಡಿತ್ತು. ಆ ಕಡೆ ಎಡಗೈ ಮೇಷ್ಟ್ರ ಜೊತೆ ಮಾತಾಡುತ್ತಿರುವುದು ಟವೆಲ್ಲಿನ ಅಲುಗಾಟದಲ್ಲಿ ಕಾಣುತ್ತಿತ್ತು. ಈ ಕಡೆ ಅವನು ತೋಳನ್ನೇ ಸ್ವಲ್ಪ ಅಲುಗಿಸಿದ. ಬೆರಳು ಅಲುಗಲಿಲ್ಲ. ನಾನು ಅವನ ಮುಖ ನೋಡಿದೆ. ಅವನು ಜಗಲಿಯ ಕಡೆ ನೋಡುತ್ತಿದ್ದ. ಅವನ ಕೆನ್ನೆಯಲ್ಲಿ ಬೆವರು ಇಳಿಯುತ್ತಿತ್ತು.

“ಏನಂತೀಯ ತಿಪ್ಪೇಶ?” ಎಂದ. ದನಿ ಸಂತೆಯಲ್ಲಿದ್ದಂತೆಯೇ ಗಟ್ಟಿಯಾಗಿತ್ತು.

“ಆಯ್ತು” ಎಂದೆ. ಜಗಲಿಗೆ ಕೇಳುವಂತೆ ಎಂದೆ.

“ಆಯ್ತು” ಎಂದರು ಮೇಷ್ಟ್ರು.

ಗಿರಿಜ ತಟ್ಟೆಯಲ್ಲಿ ಎಲೆ ಅಡಿಕೆ ತಂದಳು. ಪೇಪರ್ ಓದುತ್ತಿದ್ದವರು ಪೇಪರ್ ಮಡಚಿದರು. “ಏ, ಚಿತ್ತಯ್ಯನ ಕೈಗೆ ಏನೂ ಆಗಿಲ್ಲ ಬಿಡ್ರಿ” ಎಂದು ಯಾರೋ ಎದ್ದು ಹೋಗುತ್ತಾ ಅಂದದ್ದು ನನಗೂ ಕೇಳಿಸಿತು, ಅವನಿಗೂ ಕೇಳಿಸಿತು. ಅವನು ಎಡಗೈಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ.

ನನ್ನ ಮನೆ ಎಷ್ಟಕ್ಕೆ ಮಾರಿಹೋಯಿತೆಂದು ನನಗೆ ಗೊತ್ತಿರಲಿಲ್ಲ. “ಎಷ್ಟಕ್ಕೆ ಆತು?” ಎಂದು ಗಿರಿಜ ಕೇಳಿದಾಗ, ಬಾಯಲ್ಲಿ ಹೇಳಿದರೆ ಮನೆ ಕೇಳಿಸಿಕೊಳ್ಳುತ್ತದೆ ಎಂದೆ. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು.

ಮಾರನೆಯ ದಿನ ಕರಾರು ಬರೆಸಲು ಮೂವರೂ ಪತ್ರ ಬರೆಯುವವರ ಬೆಂಚಿಗೆ ಹೋದೆವು. ನೋಂದಣಿ ಕಚೇರಿಯ ಹೊರಗೆ, ಜನ ನೆರೆದಿರುವ ಜಾಗ. ಬರೆಯುವವರು ನನ್ನ ಹೆಸರು ಕೇಳಿದರು, ಮೇಷ್ಟ್ರ ಹೆಸರು ಕೇಳಿದರು, ಮನೆಯ ನಾಲ್ಕು ದಿಕ್ಕಿಗೆ ಯಾರ್ಯಾರಿದ್ದಾರೆಂದು ಕೇಳಿದರು. ಆಮೇಲೆ “ಕ್ರಯದ ಮೊಬಲಗು ಎಷ್ಟು ಬರೀಲಿ?” ಎಂದರು.

ನಾನು ಮೇಷ್ಟ್ರನ್ನು ನೋಡಿದೆ. ಮೇಷ್ಟ್ರು ನನ್ನನ್ನು ನೋಡಿದರು. ಇಬ್ಬರೂ ಚಿತ್ತಯ್ಯನನ್ನು ನೋಡಿದೆವು.

“ಏನ್ರಿ, ಮೂರು ಜನ ಬಂದೀರ, ಒಬ್ರಿಗೂ ರೇಟು ಗೊತ್ತಿಲ್ವಾ?” ಎಂದರು ಬರೆಯುವವರು. ಅಕ್ಕಪಕ್ಕದ ಬೆಂಚಿನವರು ಇತ್ತ ತಿರುಗಿದರು.

ಚಿತ್ತಯ್ಯ ನಕ್ಕ. “ನಾನು ಬಾಯಲ್ಲಿ ಹೇಳೋನಲ್ಲ ಅಂತ ಗೊತ್ತಿಲ್ವೇನಪ್ಪ ನಿಂಗೆ?” ಎಂದು ಬರೆಯುವವರಿಗೆ ಹೇಳಿ, ಟವೆಲ್ಲು ಕೊಡವಿ, ಹೊದಿಸಿ, ನನ್ನ ಕಡೆಗೆ ಕೈ ಚಾಚಿದ. ಎಡಗೈ ಕೊಡಬಹುದಿತ್ತು. ಆದರೆ ನಡುಬೀದಿಯಲ್ಲಿ, ಇಷ್ಟು ಜನರ ಮುಂದೆ, ಎಡಗೈ ಕೊಟ್ಟರೆ ಬಲಗೈ ಇಲ್ಲವೆಂದು ಸಾರಿದಂತೆ. ಬಲಗೈಯನ್ನೇ ಕೊಟ್ಟ. ಭುಜದಿಂದ ಎತ್ತಿ ತಂದು ಕೊಟ್ಟ.

ನಾನು ಟವೆಲ್ಲಿನ ಕೆಳಗೆ ಆ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದೆ. ಓದಲು ಅದರಲ್ಲಿ ಏನೂ ಇರಲಿಲ್ಲ. ಆದರೂ ಓದುವವನಂತೆ ತಲೆಯಾಡಿಸಿದೆ. ನನಗೆ ಗೊತ್ತಿದ್ದ ಅಂಕಿ ಒಂದೇ: ಟೀ ಅಂಗಡಿಯಲ್ಲಿ ನಾನೇ ಅವನಿಗೆ ಹೇಳಿದ್ದ ನನ್ನ ಕೊನೆಯ ಮಾತು. ಅದನ್ನೇ ಬರೆಯುವವರಿಗೆ ಹೇಳಿದೆ.

ಚಿತ್ತಯ್ಯನ ಮುಖದಲ್ಲಿ ಒಂದು ಗಳಿಗೆ ಏನೋ ಬಂದು ಹೋಯಿತು. ಅವನು ಮೇಷ್ಟ್ರನ್ನು ನೋಡಿದ. ನನ್ನನ್ನು ನೋಡಿದ.

“ಅದೇ” ಎಂದ. “ಅದೇ ಆಗಿರೋದು. ಬರ್ಕೋ.”

ಮೇಷ್ಟ್ರು ಜೋರಾಗಿ ತಲೆಯಾಡಿಸಿದರು. ಬರೆಯುವವರು ಬರೆದುಕೊಂಡರು.

ಕೆಲಸ ಮುಗಿಸಿ ಎದ್ದು, ಪಕ್ಕದ ಬೇವಿನ ಮರದ ಕೆಳಗೆ ನಿಂತು ಅವನು ಟವೆಲ್ಲು ಮಡಚಲು ನೋಡಿದ. ಒಂದು ಕೈಯಲ್ಲಿ ಉದ್ದನೆಯ ಟವೆಲ್ಲು ಮಡಚುವುದು ಕಷ್ಟ. ನಾನು ಇನ್ನೊಂದು ತುದಿ ಹಿಡಿದುಕೊಂಡೆ. ಹೆಂಗಸರು ಸೀರೆ ಮಡಚುವಂತೆ ಇಬ್ಬರೂ ಹತ್ತಿರ ಬಂದು, ದೂರ ಹೋಗಿ, ಮತ್ತೆ ಹತ್ತಿರ ಬಂದು ಮಡಚಿದೆವು.

“ಆವತ್ತೂ ನೀನು ಕಮ್ಮಿನೇ ಬರೆದಿದ್ದೆ” ಎಂದ.

“ಆವತ್ತೂ ನೀನು ಅದನ್ನೇ ಬರೆದೆ” ಎಂದೆ.

“ಏಟು ಬಿತ್ತಲ್ಲ.”

“ಇಬ್ಬರಿಗೂ ಬಿತ್ತು.”

ಅವನು ಮಡಚಿದ ಟವೆಲ್ಲನ್ನು ನನ್ನ ಹೆಗಲ ಮೇಲೆ ಇಟ್ಟ. “ಇಟ್ಕೋ. ಈ ಕೆಲಸಕ್ಕೆ ಎರಡು ಕೈ ಬೇಕು” ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಟೀ ಅಂಗಡಿಯ ಮುಂದೆ ನಿಲ್ಲಲಿಲ್ಲ. ಜವನಗೊಂಡನಹಳ್ಳಿ ಕಡೆಯ ಬಸ್ಸು ಹತ್ತುವಾಗ ಕಂಡಕ್ಟರು ಕೈ ಹಿಡಿಯಲು ಬಂದರೆ ಬೇಡವೆಂದು ತಲೆಯಾಡಿಸಿ, ಕಂಬಿಯನ್ನು ಎಡಗೈಯಲ್ಲಿ ಹಿಡಿದು ತಾನೇ ಹತ್ತಿದ.

ಆಮೇಲೆ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಮೇಷ್ಟ್ರು ಬಹಳ ಸಂಕೋಚದಿಂದ ಒಂದು ಮಾತು ಹೇಳಿದರು. “ಸಾರ್, ತಪ್ಪು ತಿಳ್ಕೋಬೇಡ್ರಿ. ನಿನ್ನೆ ಟವೆಲ್ ಕೆಳಗೆ ಏನು ನಡೀತು ಅಂತ ನಂಗೆ ಗೊತ್ತೇ ಆಗ್ಲಿಲ್ಲ. ಅವರು ಬೆರಳು ಹಿಡ್ಕಂಡ್ರು. ನಾನು ಶೇಕ್‌ಹ್ಯಾಂಡು ಇರಬೇಕು ಅಂತ ಕೈ ಗಟ್ಟಿಯಾಗಿ ಹಿಡ್ಕಂಡೆ. ಕೇಳಿದ್ರೆ ಹಿರಿಯರು ಏನಂದ್ಕಂತಾರೋ ಅಂತ ಸುಮ್ನೆ ಆಯ್ತು ಅಂದೆ.”

ಪಿ.ಟಿ. ಮೇಷ್ಟ್ರ ಶೇಕ್‌ಹ್ಯಾಂಡು. ಚಿತ್ತಯ್ಯ ಅದನ್ನು ಇಡೀ ಕೈ, ಅಂದರೆ ಐದು, ಎಂದು ಓದಿರಬೇಕು. ಬೆರಳಿನ ಭಾಷೆ ಬಲ್ಲ ನನಗೆ ಸತ್ತ ಕೈ ಸಿಕ್ಕಿತ್ತು. ಜೀವವಿದ್ದ ಕೈ ಸಿಕ್ಕಿದವರಿಗೆ ಭಾಷೆ ಬರುತ್ತಿರಲಿಲ್ಲ. ನಾವು ಮೂವರೂ ಎಲೆ ಅಡಿಕೆ ಹಾಕಿಕೊಂಡು ಒಪ್ಪಿದ್ದು ಯಾರೂ ಹೇಳದ, ಯಾರೂ ಕೇಳದ ಒಂದು ಬೆಲೆಗೆ. ಇಷ್ಟು ಮರ್ಯಾದಸ್ಥರಾದ ಮೂರು ಜನ ಒಂದೇ ಚಾಪೆಯ ಮೇಲೆ ಕೂರಬಾರದಿತ್ತು. ನಾನು ನಗಬೇಕೆಂದುಕೊಂಡೆ. ಕಾಫಿ ಆರಿಹೋಯಿತು.

ನೋಂದಣಿಗೆ ಇನ್ನೂ ಸ್ವಲ್ಪ ಕಾಲವಿತ್ತು. ಮೇಷ್ಟ್ರ ಬ್ಯಾಂಕ್ ಸಾಲ ಮಂಜೂರಾಗಬೇಕಿತ್ತು. ಅಷ್ಟರಲ್ಲಿ ಚಿತ್ತಯ್ಯನಿಗೆ ಮತ್ತೆ ಲಕ್ವ ಹೊಡೆಯಿತೆಂದು ಸುದ್ದಿ ಬಂತು. ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಜವನಗೊಂಡನಹಳ್ಳಿಗೆ ಹೋದೆ. ಹಿತ್ತಲಿನಲ್ಲಿ ಕುರಿಮರಿಗಳು ಕೂಗುತ್ತಿದ್ದವು. ಅವನು ಒಳಗೆ ಮಂಚದ ಮೇಲಿದ್ದ. ಮಾತು ಎಳೆದೆಳೆದು ಬರುತ್ತಿತ್ತು, ಆದರೆ ತಿಳಿಯುತ್ತಿತ್ತು.

“ಮೇಷ್ಟ್ರು ಇಡೀ ಕೈ ಕೊಟ್ಟಿದ್ರು ಕಣ್ಲೇ” ಎಂದ. “ಅಷ್ಟು ಗಟ್ಟಿ ಕೈ ನಾನು ಜನ್ಮದಾಗೆ ನೋಡಿರಲಿಲ್ಲ. ನಿನ್ನ ಮನೆಗೆ ಅಷ್ಟು ತಂದಿದ್ದೆ. ನಿನಗೆ ದಾಟಿಸೋಕಾಗಲಿಲ್ಲ.”

“ನನಗೆ ತಲುಪ್ತು ಬಿಡು. ನಾನೇ ಗೆಣ್ಣು ತಪ್ಪು ತಿಳ್ಕಂಡೆ. ನನ್ನ ಲೆಕ್ಕ ನಿನಗೆ ಗೊತ್ತಲ್ಲ” ಎಂದೆ.

ಅವನು ನನ್ನನ್ನು ನೋಡಿದ. ನಂಬಿದನೋ ಇಲ್ಲವೋ ಹೇಳಲಾರೆ. ದಲ್ಲಾಳಿಯ ಮುಖದಲ್ಲಿ ಅದನ್ನೆಲ್ಲ ಓದಲಾಗುವುದಿಲ್ಲ, ಅದಕ್ಕೇ ಅವರು ದಲ್ಲಾಳಿಗಳು. ಶೇಕ್‌ಹ್ಯಾಂಡಿನ ವಿಷಯ ನಾನು ಹೇಳಲಿಲ್ಲ. ಅವನ ಕೊನೆಯ ವ್ಯಾಪಾರ ದೊಡ್ಡ ವ್ಯಾಪಾರವಾಗಿಯೇ ಇರಲಿ ಎಂದುಕೊಂಡೆ.

ಅವನಿಗೆ ಸಲ್ಲಬೇಕಾದ ದಲ್ಲಾಳಿ ದುಡ್ಡಿನ ಮಾತು ಬಾಕಿಯಿತ್ತು. ಬಾಯಲ್ಲಿ ಕೇಳಿದರೆ ಅವನು ಬೈಯುತ್ತಾನೆಂದು ಗೊತ್ತಿತ್ತು. ಮಂಚದ ಪಕ್ಕ ಕೂತು, ಟವೆಲ್ಲು ಬಿಚ್ಚಿ ಇಬ್ಬರ ಕೈ ಮೇಲೂ ಹೊದಿಸಿ, ನನ್ನ ಬೆರಳುಗಳನ್ನು ಅವನ ಎಡಗೈಗೆ ಕೊಟ್ಟೆ. ಎಷ್ಟು ಬೇಕೋ ಹಿಡಿದುಕೋ ಎಂದು ಅರ್ಥ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಟವೆಲ್ಲು ಅಲುಗಿತು. ಅವನು ನನ್ನ ಕಿರುಬೆರಳನ್ನು ಒಳಕ್ಕೆ ಮಡಚಿದ. ಆಮೇಲೆ ಅದರ ಪಕ್ಕದ್ದು. ನಡುಬೆರಳಿಗೆ ಬರುವ ಹೊತ್ತಿಗೆ ಅವನಿಗೆ ಆಯಾಸವಾಗಿ ನಿಲ್ಲಿಸಿದ. ಬಿಟ್ಟುಬಿಟ್ಟನೆಂದುಕೊಂಡೆ. ಬಿಡಲಿಲ್ಲ. ಎಲ್ಲವನ್ನೂ ಮಡಚಿ, ಹೆಬ್ಬೆರಳನ್ನು ಮೇಲಿಟ್ಟು, ಮುಷ್ಟಿ ಮಾಡಿ, ಅದನ್ನು ಮೆಲ್ಲಗೆ ನನ್ನ ಎದೆಯ ಕಡೆಗೆ ತಳ್ಳಿದ.

ಆ ಮುಷ್ಟಿಯನ್ನು ಬಿಚ್ಚದೆಯೇ ನಾನು ಬಸ್‌ಸ್ಟಾಪಿನವರೆಗೆ ನಡೆದೆ. ಟಿಕೆಟ್ಟಿಗೆ ದುಡ್ಡು ಕೊಡುವಾಗ ಬಿಚ್ಚಲೇಬೇಕಾಯಿತು.

ತಾರಸಿಯ ಮೇಲೆ ಸಂಡಿಗೆ ಒಣಗಿತು. ಗಿರಿಜ ಬಂದು ಟವೆಲ್ಲಿನ ಒಂದು ತುದಿ ಎತ್ತಿ, ಇನ್ನೊಂದು ತುದಿ ಹಿಡಿದುಕೊಳ್ಳಿ ಎಂದಳು. ಹಿಡಿದುಕೊಂಡೆ.

ನಾನು ನೋಡಿ ಬಂದ ವಾರದಲ್ಲೇ ಚಿತ್ತಯ್ಯ ತೀರಿಕೊಂಡಿದ್ದ. ಆಮೇಲೆ ಮನೆ ನಾಗರಾಜ ಮೇಷ್ಟ್ರ ಹೆಸರಿಗೆ ನೋಂದಣಿಯಾಗಿತ್ತು. ಪತ್ರದಲ್ಲಿ ಅವನ ಹೆಸರು ಎಲ್ಲೂ ಇಲ್ಲ.